ಹಿರಿಯರ ತಾಳ್ಮೆ, ಕಿರಿಯರ ಲೆಕ್ಕ

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಇಬ್ಬರು ಹಿರಿಯರು ಕೂಡಿದರೆ ಹೊರಡುವ ಮಾತು ಒಂದೇ: ‘ಈಗಿನ ಹುಡುಗರಿಗೆ ಮೈ ಬಗ್ಗದು.’ ಇಬ್ಬರು ತರುಣರು ಕೂಡಿದರೆ ಹೊರಡುವ ಮಾತೂ ಒಂದೇ: ‘ಹಿರಿಯರಿಗೆ ಕಾಲ ತಿಳಿಯದು.’ ಈ ಎರಡನ್ನೂ ನಾವು ಪಕ್ಷಪಾತವಿಲ್ಲದೆ ತೂಗಿ ನೋಡಬೇಕಾಗಿದೆ.

ಹಿರಿಯರಲ್ಲಿ ಅನೇಕರು ಮೀಸೆ ಮೂಡುವ ಮೊದಲೇ ದಕ್ಷಿಣ ಕನ್ನಡವನ್ನು ಬಿಟ್ಟು ಬಂದವರು. ಹಗಲೆಲ್ಲ ಕಪ್ಪು-ಬಶಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು, ಬಾಗಿಲು ಮುಚ್ಚಿದ ಮೇಲೆ ಹೋಟೆಲಿನ ಮೇಜುಗಳನ್ನೇ ಜೋಡಿಸಿ ಮಲಗಿದವರು. ಅವರಲ್ಲಿ ಕೆಲವರು ಗುಮಾಸ್ತರಾದರು, ಕೆಲವರು ಧಣಿಗಳೂ ಆದರು. ಈ ಸಾಹಸಕ್ಕೆ ನಾವು ತಲೆಬಾಗಲೇಬೇಕು. ಆದರೆ ಮೇಲೆ ಬಂದವರ ಕಥೆಯನ್ನಷ್ಟೇ ನಾವು ಹೇಳುತ್ತೇವೆ. ಆರೋಗ್ಯ ಕೆಟ್ಟು ಬರಿಗೈಯಲ್ಲಿ ಊರಿಗೆ ಮರಳಿದವರನ್ನು ಮರೆಯುತ್ತೇವೆ.

ಇಂದಿನ ತರುಣನು ಕೆಲಸಕ್ಕೆ ಸೇರುವ ಮೊದಲೇ ದುಡಿಮೆಯ ಗಂಟೆಗಳೆಷ್ಟು, ವಾರದ ರಜೆ ಯಾವಾಗ, ಪ್ರಾವಿಡೆಂಟ್ ಫಂಡು ಉಂಟೋ ಎಂದು ಕೇಳುತ್ತಾನೆ. ಹಿರಿಯರಿಗೆ ಇದು ಉದ್ಧಟತನವಾಗಿ ಕಾಣುತ್ತದೆ. ಆದರೆ ಈ ಬೇಡಿಕೆ ಹೊಸತಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ಹೋಟೆಲ್ ಕೆಲಸಗಾರನಿಗೆ ದಿನಕ್ಕೆ 9 ಗಂಟೆಗಳ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ವಿಧಿಸಿತ್ತು. ಹಿರಿಯರಿಗೂ ಅದು ಸಲ್ಲಬೇಕಾಗಿತ್ತು. ಕೇಳುವ ಧೈರ್ಯ ಪರವೂರಿನ ಹುಡುಗನಿಗೆಲ್ಲಿತ್ತು? 14 ವರ್ಷ ತುಂಬದವರನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ. ಹಿರಿಯರು ಕೆಲಸ ಕಲಿತ ದಾರಿಯನ್ನೇ ಕಾನೂನು ಮುಚ್ಚಿರುವಾಗ, ಆ ದಾರಿಯಲ್ಲಿ ನಡೆಯಲಿಲ್ಲವೆಂದು ಕಿರಿಯರನ್ನು ಹಳಿಯುವುದು ನ್ಯಾಯವಲ್ಲ. ಮಗನು ಕಪ್ಪು ತೊಳೆಯದಿರಲೆಂದೇ ಅವನನ್ನು ಶಾಲೆಗೆ ಕಳುಹಿಸಿದವರು ಹಿರಿಯರಲ್ಲವೇ?

ಹಾಗೆಂದು ತರುಣರು ಬೀಗಬೇಕಾಗಿಲ್ಲ. ಹಿಟ್ಟು ಹುಳಿ ಬಂದ ಹದವನ್ನು ವಾಸನೆಯಿಂದಲೇ ಅರಿಯುವ ಭಟ್ಟರ ವಿದ್ಯೆ ಆರು ತಿಂಗಳಿಗೊಂದು ಹೋಟೆಲು ಬದಲಿಸುವವನಿಗೆ ದಕ್ಕದು. ಊರಿನಿಂದ ಹೊಸ ಹುಡುಗ ಬಂದಿಳಿದರೆ ಅವನಿಗೊಂದು ಮಲಗುವ ಜಾಗ, ಒಂದು ಕೆಲಸ, ರಾತ್ರಿಶಾಲೆಯಲ್ಲೊಂದು ಸ್ಥಾನ ಹುಡುಕಿಕೊಡುತ್ತಿದ್ದ ಹಿರಿಯರ ಗುಣವೂ ಗಂಟೆಯ ಲೆಕ್ಕದಲ್ಲಿ ಸಿಕ್ಕುವಂಥದಲ್ಲ.

ಧಣಿಗಳಾಗಿರುವ ಹಿರಿಯರಲ್ಲಿ ನಮ್ಮ ಬಿನ್ನಹ: ತಾವು ಅಂದು ಕೇಳಲಾರದೆ ಹೋದುದನ್ನು ಕಿರಿಯರಿಗೆ ಅವರು ಕೇಳುವ ಮೊದಲೇ ಕೊಡಿರಿ. ತರುಣರಲ್ಲಿ ನಮ್ಮ ಬಿನ್ನಹ: ಹಕ್ಕನ್ನು ಬಿಡಬೇಡಿರಿ, ಆದರೆ ಹಿರಿಯರು ಇನ್ನೂ ಒಲೆಯ ಬಳಿ ಇರುವಾಗಲೇ ಅವರ ವಿದ್ಯೆಯನ್ನು ಕಲಿತುಕೊಳ್ಳಿರಿ.