ಬೆಂಕಿಗೆ ಬೆನ್ನು ತೋರಿಸದ ಅರವತ್ತಾರು ಮಂದಿ

ಮುಂಬಯಿಯ ಬೈಕುಲ್ಲಾದಲ್ಲಿ, ಅಗ್ನಿಶಾಮಕ ದಳದ ಪ್ರಧಾನ ಕಚೇರಿಯಲ್ಲಿ ಒಂದು ಸ್ಮಾರಕವಿದೆ. ಅದು ರಣರಂಗದಲ್ಲಿ ಮಡಿದ ಯೋಧರದಲ್ಲ. ಯುದ್ಧಸಾಮಗ್ರಿ ಹೊತ್ತು ಬಂದ ಹಡಗಿನ ಬೆಂಕಿಯನ್ನು ಆರಿಸಹೋಗಿ ಮರಳಿ ಬಾರದವರದು.

ಅದು 1944ರ ಬೇಸಗೆ. ಬರ್ಮಾದ ಗಡಿಯಲ್ಲಿ ಜಪಾನೀಯರೊಡನೆ ಕದನ ನಡೆದಿತ್ತು. ಸೈನಿಕನ ಕೋವಿಗೆ ಗುಂಡು ಬೇಕಾದರೆ ಅದು ಮೊದಲು ಬಂದರಿನ ಕೂಲಿಗಾರನ ಹೆಗಲನ್ನೇರಬೇಕು. ಮುಂಬಯಿಯ ಹಡಗುಕಟ್ಟೆಗಳಿಗೆ ಹಗಲಿರುಳೂ ಬಿಡುವಿರಲಿಲ್ಲ.

ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಿಂದ ಹೊರಟ 'ಫೋರ್ಟ್ ಸ್ಟಿಕೀನ್' ಹಡಗು, ಕರಾಚಿಯ ಮಾರ್ಗವಾಗಿ ಏಪ್ರಿಲ್ 12ರಂದು ವಿಕ್ಟೋರಿಯಾ ಡಾಕನ್ನು ಸೇರಿತು. ಅದರ ಒಡಲಲ್ಲಿ ಸುಮಾರು 1,400 ಟನ್ ಸಿಡಿಮದ್ದು. ಸಾಲದೆಂಬಂತೆ ಕರಾಚಿಯಲ್ಲಿ ಹೇರಿದ ಸುಮಾರು 8,700 ಹತ್ತಿಯ ಅಂಡಿಗೆಗಳು ಮತ್ತು ಎಣ್ಣೆ! ಹತ್ತಿಯೂ ಮದ್ದೂ ಒಂದೆಡೆ ಕೂಡಬಾರದೆಂಬ ವಿವೇಕ ಯುದ್ಧದ ಅವಸರದಲ್ಲಿ ಮರೆಯಾಯಿತು. ಅಪಾಯವನ್ನು ಸಾರುವ ಕೆಂಪು ಬಾವುಟವೂ ಹಡಗಿನ ಮೇಲೆ ಹಾರಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ತಗುಲಿತು. ಅಗ್ನಿಶಾಮಕರು ಧಾವಿಸಿ ಬಂದರು, ನೂರಾರು ಟನ್ ನೀರು ಸುರಿದರು. ಕಿಚ್ಚು ನಂದಲಿಲ್ಲ, ಅವರೂ ಕದಲಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ ಇನ್ನೂ ಭೀಕರವಾಗಿ ಮತ್ತೊಮ್ಮೆ ಸಿಡಿಯಿತು. ದೂರದ ಸಿಮ್ಲಾದ ಭೂಕಂಪಮಾಪಕವೂ ಆ ನಡುಕವನ್ನು ಗುರುತಿಸಿತು. ನೆರೆಯ ಹಡಗುಗಳು ಮುಳುಗಿದವು, ಕೇರಿಗಳು ಉರಿದವು. ಅಗ್ನಿಶಾಮಕರಲ್ಲಿ 66 ಮಂದಿ ಪ್ರಾಣ ತೆತ್ತರು.

ಯುದ್ಧಕಾಲದ ಸೆನ್ಸಾರು ಈ ಸುದ್ದಿಯನ್ನು ವಾರಗಟ್ಟಲೆ ತಡೆಹಿಡಿಯಿತು. ಮೇ ತಿಂಗಳ ಎರಡನೆಯ ವಾರದವರೆಗೂ ವರದಿ ಕಳುಹಿಸಲು ಪತ್ರಕರ್ತರಿಗೆ ಅನುಮತಿ ದೊರೆಯಲಿಲ್ಲ. ಸುಮಾರು 8,000 ಮಂದಿ ದುಡಿದು, ಸುಮಾರು ಐದು ಲಕ್ಷ ಟನ್ ಅವಶೇಷಗಳನ್ನು ತೆರವುಗೊಳಿಸಿ, ಏಳು ತಿಂಗಳೊಳಗೆ ಹಡಗುಕಟ್ಟೆಗಳನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸಿದರು.

ಆ ಹಡಗಿನಲ್ಲಿ 124 ಚಿನ್ನದ ಗಟ್ಟಿಗಳಿದ್ದವು. ಅವು ಚೆಲ್ಲಾಪಿಲ್ಲಿಯಾಗಿ ಸಿಡಿದುಹೋದುವು. ದಶಕಗಳ ಬಳಿಕವೂ ಬಂದರಿನ ಹೂಳಿನಲ್ಲಿ ಸಿಕ್ಕವು. ಚಿನ್ನಕ್ಕೆ ಎಣಿಕೆಯಿತ್ತು. ಆದರೆ ಅಂದು ಸತ್ತವರು ಎಂಟುನೂರೋ, ಸಾವಿರದ ಮುನ್ನೂರೋ? ಅಂದಾಜುಗಳು ಮಾತ್ರ ಉಳಿದಿವೆ. ಆ ಲೆಕ್ಕಕ್ಕೆ ಸಿಗದೆ ಹೋದವರಲ್ಲಿ ಮೂಟೆ ಹೊರುತ್ತಿದ್ದವರು ಎಷ್ಟೋ!

ಏಪ್ರಿಲ್ 14ನ್ನು ಇಂದು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. ಆ ದಿನ ನಮ್ಮೂರಿನ ಬೀದಿಯಲ್ಲಿ ಕೆಂಪು ಬಂಡಿಯ ಗಂಟೆ ಕೇಳಿದರೆ, ಅರೆಗಳಿಗೆ ನಿಂತು ಆ 66 ಮಂದಿಯನ್ನೂ, ಎಣಿಕೆಗೆ ಸಿಗದ ಆ ಕೂಲಿಗಾರರನ್ನೂ ನೆನೆಯೋಣ.