ಹಾಯಿದೋಣಿಯ ಉದ್ದ

ಕಡಲಿಲ್ಲದ ಕೊಡಗಿನವರ ಮುಂದೆ ಹಾಯಿದೋಣಿಯ ಉದ್ದವನ್ನು ಕುರಿತು ಮಾತನಾಡಹೊರಟರೆ, ಇದು ಊರಿಗೆ ಒಲ್ಲದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಕೊಡಗಿಗೂ ಹಾಯಿಗೂ ಹಳೆಯ ನಂಟುಂಟು. ಘಟ್ಟದ ಪಡುವಣ ಮಗ್ಗುಲಿನ ಕಾಡುಗಳಲ್ಲಿ ಸುರಹೊನ್ನೆಯ ಕುಲಕ್ಕೆ ಸೇರಿದ ಒಂದು ಮಹಾವೃಕ್ಷ ಬೆಳೆಯುತ್ತದೆ. ಆಂಗ್ಲರು ಅದನ್ನು ಪೂನ್ ಎಂದು ಕರೆದರು. ಕೊಂಬೆಯಿಲ್ಲದೆ, ಬಾಗಿಲ್ಲದೆ, ನೆಟ್ಟಗೆ ಮೇಲೇರುವ ಇದರ ಕಾಂಡವು ಹಡಗಿನ ಕೂವೆಕಂಬಕ್ಕೆ, ಎಂದರೆ ಹಾಯಿಯನ್ನು ಕಟ್ಟುವ ಕಂಬಕ್ಕೆ, ಹೇಳಿ ಮಾಡಿಸಿದಂತಿತ್ತು. ಆದುದರಿಂದಲೇ 19ನೆಯ ಶತಮಾನದಲ್ಲಿ ಈ ಮರಕ್ಕೆ ಅಷ್ಟು ಬೆಲೆ ಬಂದಿತು.

ಮರವನ್ನು ಮಾರುವವರಿಗೆ ಅಳತೆಯ ಮರ್ಮ ತಿಳಿಯದುದಲ್ಲ. ದುಂಡಗಿನ ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ ಘನ ಅಡಿ ಹೇಳುವ ಪದ್ಧತಿಯುಂಟಷ್ಟೆ. ಸುತ್ತಳತೆ 4 ಅಡಿ, ಉದ್ದ 20 ಅಡಿ ಇರುವ ದಿಮ್ಮಿ ಈ ಲೆಕ್ಕದಲ್ಲಿ 20 ಘನ ಅಡಿ. ರೇಖಾಗಣಿತದ ಪ್ರಕಾರ ಅದರಲ್ಲಿರುವ ಮರ ಸುಮಾರು 25½ ಘನ ಅಡಿ. ತೊಗಟೆ, ಗರಗಸದ ಪುಡಿ ಮೊದಲಾದ ನಷ್ಟಕ್ಕೆಂದು ಬಿಟ್ಟ ಭಾಗವದು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಕೊಳ್ಳುವವನೂ ಮಾರುವವನೂ ಒಂದೇ ಪದ್ಧತಿಯನ್ನು ಬಲ್ಲವರಾದರೆ ಸರಿ. ಒಬ್ಬನು ಬಲ್ಲ, ಇನ್ನೊಬ್ಬನು ಅರಿಯ ಎಂದಾದಾಗ ಕಲಹ ಹುಟ್ಟುತ್ತದೆ. ದೋಣಿಯ ವಿಚಾರವೂ ಹೀಗೆಯೇ.

ದೋಣಿಯೊಂದರ ಉದ್ದವೆಷ್ಟು ಎಂದು ಕೇಳಿದರೆ ಕಡೆಯ ಪಕ್ಷ ಮೂರು ಉತ್ತರಗಳು ದೊರೆಯುತ್ತವೆ. ಮುಂತುದಿಯಿಂದ ಹಿಂತುದಿಯವರೆಗೆ ದೋಣಿಯ ಒಡಲನ್ನು ಮಾತ್ರ ಅಳೆದರೆ ಬರುವುದು ಒಡಲುದ್ದ. ಮುಂದಕ್ಕೆ ಚಾಚಿದ ಕಂಬ, ಲಂಗರನ್ನು ಹಿಡಿಯುವ ಚಾಚು, ಹಿಂದೆ ತೂಗುವ ಚುಕ್ಕಾಣಿ, ಇವನ್ನೆಲ್ಲ ಸೇರಿಸಿದರೆ ಬರುವುದು ಒಟ್ಟುದ್ದ. ದೋಣಿ ನಿಶ್ಚಲವಾಗಿ ತೇಲುತ್ತಿರುವಾಗ ನೀರು ಅದನ್ನು ಮುಟ್ಟುವ ಗೆರೆಯ ಮೇಲೆ ಅಳೆದರೆ ಬರುವುದು ನೀರ್ಗೆರೆಯ ಉದ್ದ.

ಈ ಮೂರರಲ್ಲಿ ಕಡಲು ಲಕ್ಷ್ಯಕ್ಕೆ ತಂದುಕೊಳ್ಳುವುದು ಕೊನೆಯದನ್ನೇ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಅಲೆಯನ್ನು ತಾನೇ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತ ಬಂದು, ಕಡೆಗೆ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ಭಾರವಾದ ದೋಣಿಯು ತಾನೇ ಎಬ್ಬಿಸಿದ ದಿಣ್ಣೆಯನ್ನು ಹತ್ತಬೇಕಾಗಿ ಬಂದು, ಎಷ್ಟು ಗಾಳಿ ಬೀಸಿದರೂ ಹೆಚ್ಚು ಓಡಲಾರದು. ನೀರ್ಗೆರೆಯ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ಗಂಟೆಗೆ ಎಷ್ಟು ಸಮುದ್ರಮೈಲಿ ಎಂಬ ಈ ಎಲ್ಲೆ ಸುಮಾರಾಗಿ ದೊರೆಯುವುದು. ಎರಡು ದೋಣಿಗಳು ಒಡಲುದ್ದದಲ್ಲಿ ಸರಿಸಮವಾಗಿ 36 ಅಡಿ ಇವೆಯೆಂದು ಭಾವಿಸೋಣ. ಹಳೆಯ ಮಾದರಿಯದು ಎರಡು ತುದಿಗಳಲ್ಲಿಯೂ ನೀರಿನ ಮೇಲೆ ಚಾಚಿಕೊಂಡಿದ್ದು, ನೀರ್ಗೆರೆಯಲ್ಲಿ 25 ಅಡಿ ಮಾತ್ರ ಇದ್ದರೆ, ಅದರ ಎಲ್ಲೆ 6.7. ನೆಟ್ಟಗಿನ ಮೂತಿಯ ಹೊಸ ಮಾದರಿಯದು ನೀರ್ಗೆರೆಯಲ್ಲಿಯೂ 36 ಅಡಿಯ ಸಮೀಪವಿದ್ದರೆ, ಅದರ ಎಲ್ಲೆ 8. ಒಂದೇ ಉದ್ದವೆಂದು ಮಾರಾಟವಾದ ಎರಡು ದೋಣಿಗಳಲ್ಲಿ ಒಂದು ಹಗಲಿನ ಪಯಣದಲ್ಲಿಯೇ ಎಷ್ಟು ಹಿಂದೆ ಬೀಳುವುದೆಂಬುದನ್ನು ಊಹಿಸಬಹುದು.

ಅಳತೆಯ ನಿಯಮವು ದೋಣಿಯ ಆಕಾರವನ್ನೇ ತಿದ್ದಿದ ಸಂದರ್ಭವೂ ಉಂಟು. ಒಮ್ಮೆ ಇದು ಪ್ರಾಣಹಾನಿಯವರೆಗೂ ಹೋಯಿತು. ಇಂಗ್ಲೆಂಡಿನಲ್ಲಿ 1855ರಲ್ಲಿ ಜಾರಿಗೆ ಬಂದ ಥೇಮ್ಸ್ ಅಳತೆಯಲ್ಲಿ ಉದ್ದ ಮತ್ತು ಅಗಲಗಳಿಂದ ದೋಣಿಯ ಟನ್ನನ್ನು ಗಣಿಸುತ್ತಿದ್ದರು. ಆಳವನ್ನು ಅಳೆಯುತ್ತಲೇ ಇರಲಿಲ್ಲ. ಅದು ಅಗಲದ ಅರ್ಧವೆಂದು ಭಾವಿಸಿಕೊಳ್ಳುತ್ತಿದ್ದರು. ಇದರಿಂದ ಅಗಲಕ್ಕೆ ದಂಡ ಹೆಚ್ಚಾಯಿತು, ಆಳಕ್ಕೆ ದಂಡವೇ ಇಲ್ಲವಾಯಿತು. ಪಂದ್ಯದ ದೋಣಿ ಕಟ್ಟುವವರು ಸುಮ್ಮನಿರುವರೇ? ವರ್ಷವರ್ಷಕ್ಕೂ ದೋಣಿಗಳು ಕಿರಿದಾಗುತ್ತ, ಆಳವಾಗುತ್ತ, ಅಂಚಿನ ಮೇಲೆ ನಿಲ್ಲಿಸಿದ ಹಲಗೆಯಂತಾದವು. ಊನಾ ಎಂಬ ದೋಣಿ ನೀರ್ಗೆರೆಯಲ್ಲಿ ಸುಮಾರು 34 ಅಡಿ ಉದ್ದವಿದ್ದು, ಅಗಲದಲ್ಲಿ 5½ ಅಡಿ ಮಾತ್ರ ಇತ್ತು. 1886ರಲ್ಲಿ ಅದು ಐರ್ಲೆಂಡಿನ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ, ತನ್ನಲ್ಲಿದ್ದವರೊಡನೆ ನಾಶವಾಯಿತು. ಮರುವರ್ಷದಿಂದ ಪಂದ್ಯಗಳಿಗೆ ನೀರ್ಗೆರೆಯ ಉದ್ದ ಮತ್ತು ಹಾಯಿಯ ವಿಸ್ತಾರಗಳನ್ನು ಆಧರಿಸಿದ ಬೇರೆ ನಿಯಮ ಬಂದಿತು.

ತರುವಾಯ 1906ರಲ್ಲಿ ಲಂಡನ್ನಿನಲ್ಲಿ ಯೂರೋಪಿನ ದೇಶಗಳು ಕೂಡಿ ಒಂದು ಸೂತ್ರವನ್ನು ಒಪ್ಪಿದುವು. ಉದ್ದ, ಸುತ್ತಳತೆ, ಹಾಯಿಯ ವಿಸ್ತಾರ ಮೊದಲಾದುವನ್ನು ಆ ಸೂತ್ರಕ್ಕೆ ಹಾಕಿದರೆ ಮೀಟರುಗಳಲ್ಲಿ ಒಂದು ಉತ್ತರ ಬರುತ್ತದೆ. ಉತ್ತರ 12 ಬಂದರೆ ಅದು 12 ಮೀಟರಿನ ದೋಣಿ. ಅದರ ನಿಜವಾದ ಒಡಲುದ್ದವಾದರೋ ಸುಮಾರು 20 ಮೀಟರು! 1958ರಿಂದ 1987ರವರೆಗೆ ಅಮೇರಿಕಾ ಕಪ್ ಪಂದ್ಯಗಳು ನಡೆದುದು ಈ ದೋಣಿಗಳಲ್ಲಿಯೇ. ಹೆಸರನ್ನು ನಂಬಿ 12 ಮೀಟರಿನ ಕಟ್ಟೆಯನ್ನು ಗೊತ್ತುಮಾಡಿದವನ ಪಾಡನ್ನು ನೆನೆದರೆ ನಗೆ ಬರುತ್ತದೆ.

ಇನ್ನು ಪೇಟೆಯ ಮಾತು. ಫ್ರಾನ್ಸ್, ಜರ್ಮನಿ, ಸ್ವೀಡನ್ ಇವು ಮೀಟರಿನ ದೇಶಗಳು. ಅಲ್ಲಿಯ ಕಾರ್ಖಾನೆಗಳಲ್ಲಿ ಮೀಟರಿನಲ್ಲಿಯೇ ದೋಣಿಯನ್ನು ಕಟ್ಟುತ್ತಾರೆ. ಆದರೆ ಮಾರುವಾಗ ಹೆಸರಿನಲ್ಲಿ ಅಡಿಯ ಅಂಕೆಯನ್ನು ಇಡುವ ವಾಡಿಕೆ ವಿಶೇಷವಾಗಿದೆ. ಅಮೇರಿಕದ ಮತ್ತು ಇಂಗ್ಲೆಂಡಿನ ಗಿರಾಕಿಗಳ ಕಿವಿಗೆ ಅಡಿಯೇ ಹಿತ. ಫ್ರಾನ್ಸಿನ ಬೆನೆಟೋ ಸಂಸ್ಥೆಯ ಓಶಿಯಾನಿಸ್ 40.1 ಎಂಬುದನ್ನು ತೆಗೆದುಕೊಳ್ಳಿ. ಅದರ ಒಡಲುದ್ದ 11.99 ಮೀಟರು, ಎಂದರೆ 39 ಅಡಿಗೆ ಸ್ವಲ್ಪ ಮೇಲೆ. ಒಟ್ಟುದ್ದ 12.87 ಮೀಟರು, ಎಂದರೆ 42 ಅಡಿಗೆ ಸ್ವಲ್ಪ ಮೇಲೆ. ಹೆಸರಿನ 40 ಈ ಎರಡರ ನಡುವೆ ಎಲ್ಲಿಯೋ ನಿಂತಿದೆ. ಒಡಲು 12 ಮೀಟರಿಗೆ ಒಂದೇ ಸೆಂಟಿಮೀಟರು ಕಡಮೆಯಾಗಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಬಂದರಿನ ಬಾಡಿಗೆಯನ್ನು 10 ಮೀಟರಿನವರೆಗೆ ಇಷ್ಟು, 12 ಮೀಟರಿನವರೆಗೆ ಇಷ್ಟು ಎಂದು ಮೆಟ್ಟಿಲು ಮಾಡಿ ವಿಧಿಸುವ ಕಡೆಗಳು ಅನೇಕ. ಆದರೆ ಕಟ್ಟೆಯ ಅಧಿಕಾರಿ ಸಾಮಾನ್ಯವಾಗಿ ನೋಡುವುದು ಒಟ್ಟುದ್ದವನ್ನು. ಚಾಚಿದ ಲಂಗರೂ ಅವನ ಜಾಗವನ್ನು ಆಕ್ರಮಿಸುವುದಷ್ಟೆ. ಕೊಳ್ಳುವಾಗ ಒಡಲುದ್ದವನ್ನು ಕೇಳಿ ಬಂದವನು, ವರ್ಷವರ್ಷವೂ ಒಟ್ಟುದ್ದಕ್ಕೆ ಹಣ ತೆರುತ್ತಾನೆ.

ಅಮೇರಿಕದ ಸರ್ಕಾರವು ದೋಣಿಯನ್ನು ದಾಖಲುಮಾಡುವಾಗ ಚಾಚುಕಂಬ, ಚುಕ್ಕಾಣಿಗಳನ್ನು ಬಿಟ್ಟು ಒಡಲನ್ನು ಮಾತ್ರ ಅಳೆಯುತ್ತದೆ. ಯೂರೋಪಿನ ಒಕ್ಕೂಟದ ವಿಹಾರದೋಣಿಗಳ ನಿಯಮವೂ ಒಡಲುದ್ದವನ್ನೇ ಹಿಡಿದು, 2½ ಮೀಟರಿನಿಂದ 24 ಮೀಟರಿನವರೆಗಿನವಕ್ಕೆ ಅನ್ವಯಿಸುತ್ತದೆ. ಹಡಗಿನ ಭಾರಮಿತಿಯನ್ನು ಕುರಿತ 1966ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ 24 ಮೀಟರೇ ಎಲ್ಲೆ. ಆದರೆ ಅಲ್ಲಿ ‘ಉದ್ದ’ ಎಂಬ ಮಾತಿನ ಅರ್ಥ ಬೇರೆ. ನಿರ್ದಿಷ್ಟವಾದೊಂದು ನೀರ್ಗೆರೆಯ ಮೇಲೆ ಅಳೆದು, ಅದರ ನೂರಕ್ಕೆ 96 ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವದು. ಒಟ್ಟುದ್ದದಲ್ಲಿ 24 ಮೀಟರನ್ನು ಮೀರಿದ ನಾವೆಯೂ ಕಾಗದದ ಮೇಲೆ ಅದಕ್ಕಿಂತ ಕಿರಿದಾಗಿ ಉಳಿಯಲು ಇದರಿಂದ ಅವಕಾಶ ದೊರೆಯುತ್ತದೆ.

ಪಂದ್ಯದ ಸಣ್ಣ ದೋಣಿಗಳ ಹೆಸರುಗಳಲ್ಲಿ ಅಂಕೆಯು ಸೆಂಟಿಮೀಟರನ್ನು ಸೂಚಿಸುವುದೂ ಉಂಟು. 470 ಎಂಬುದು 4.70 ಮೀಟರು, 420 ಎಂಬುದು 4.20 ಮೀಟರು. ಚೆನ್ನೈಯಲ್ಲಿ ಪಳಗಿದ ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿಯವರು, ವರುಣ್ ಠಕ್ಕರರೊಡನೆ, 2018ರ ಏಷ್ಯಾ ಕ್ರೀಡೆಗಳಲ್ಲಿ ಕಂಚಿನ ಪದಕ ಗಳಿಸಿದುದೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಹಾಯಿ ಕಟ್ಟಿದುದೂ ಫಾರ್ಟಿನೈನರ್ ಎಂಬ ವರ್ಗದಲ್ಲಿ. ಹೆಸರನ್ನು ಕೇಳಿದವನು 49 ಅಡಿಯ ಮಹಾನೌಕೆಯೆಂದು ಭ್ರಮಿಸಬಹುದು. ಇಬ್ಬರೇ ನಡೆಸುವ ಆ ದೋಣಿಯ ಒಡಲು 4.99 ಮೀಟರು, ಹೆಸರು ಬಂದುದು ಅದರಿಂದಲೇ. ಆ ವರ್ಗದ ದೋಣಿಗಳೆಲ್ಲವೂ ಒಂದೇ ಮಾದರಿಯವಾದುದರಿಂದ, ಅಲ್ಲಿ ಉದ್ದದಿಂದ ಯಾರಿಗೂ ಲಾಭವಿಲ್ಲ. ಇದೇ ಕುಟುಂಬದ ಕಿರಿಯ ದೋಣಿಯಾದ ಟ್ವೆಂಟಿನೈನರ್ 2.9 ಮೀಟರು ಇರಬೇಕೆಂದು ತರ್ಕಿಸಿದರೆ ಮತ್ತೆ ಮೋಸಹೋಗುತ್ತೇವೆ. ಅದು ಸುಮಾರು 4.45 ಮೀಟರು, ಅಣ್ಣನ ಹೆಸರಿನ ಪ್ರಾಸಕ್ಕೆ ತಮ್ಮನ ಹೆಸರು.

ನಮ್ಮ ನೌಕಾಪಡೆಯ ತಾರಿಣಿಯು 2017ರ ಸೆಪ್ಟೆಂಬರಿನಲ್ಲಿ ಆರು ಮಂದಿ ಮಹಿಳೆಯರೊಡನೆ ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ, 2018ರ ಮೇ ತಿಂಗಳಿನಲ್ಲಿ ಹಿಂದಿರುಗಿತಷ್ಟೆ. ಆ ನೌಕೆಯನ್ನು ಕುರಿತ ಬರಹಗಳಲ್ಲಿ ಕೆಲವೆಡೆ ಅದರ ಉದ್ದ 55 ಅಡಿಯೆಂದೂ, ಕೆಲವೆಡೆ 56 ಅಡಿಯೆಂದೂ ಕಾಣುತ್ತದೆ. ಮೂಲ ಅಳತೆ 17 ಮೀಟರು. ಅದನ್ನು ಅಡಿಗೆ ತಿರುಗಿಸಿದರೆ 55.77 ಬರುತ್ತದೆ. ಬಿಂದುವಿನ ಮುಂದಿನದನ್ನು ಬಿಟ್ಟವರಿಗೆ 55 ಆಯಿತು, ಸಮೀಪದ ಪೂರ್ಣಾಂಕಕ್ಕೆ ಏರಿಸಿದವರಿಗೆ 56 ಆಯಿತು.