ಹಾಡೋ ಕವಿ ಅಂದ್ರೆ ಸಣ್ಣ ಕವಿನಾ?

2016ರಲ್ಲಿ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗ ಜಗತ್ತಿನ ತುಂಬಾ ಒಂದು ಜಗಳ ಶುರುವಾಯ್ತು, ನೆನಪಿದೆಯಾ? ಗಿಟಾರ್ ಹಿಡಿದು ಹಾಡುವವರಿಗೆ ಸಾಹಿತ್ಯದ ಪ್ರಶಸ್ತಿ ಯಾಕೆ ಅಂತ ದೊಡ್ಡ ದೊಡ್ಡವರೇ ಕೇಳಿದರು. ನಮ್ಮ ಸ್ಟುಡಿಯೋದಲ್ಲೂ ಅದೇ ಚರ್ಚೆ ಎದ್ದಿತ್ತು.

ನಿಜ ಹೇಳ್ತೀನಿ, ನಮ್ಮ ಕಡೆಯವರಿಗೆ ಈ ಜಗಳ ಅರ್ಥವೇ ಆಗಲ್ಲ. ನಮ್ಮ ಕಡೆ ಅಂದ್ರೆ ಆಳಂದ, ಅಫಜಲಪುರ, ಜೇವರ್ಗಿ. ನಮ್ಮೂರು ಜಿಡಗಾ. ಅಮಾವಾಸ್ಯೆ ರಾತ್ರಿ ಭಜನೆಗೆ ಕೂತವರ ಕೈಯಲ್ಲಿ ಏಕತಾರಿ, ದಮ್ಮಡಿ, ತಾಳ. ಬಾಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ. ಹಾಡುವ ಮುದುಕರಲ್ಲಿ ಎಷ್ಟೋ ಜನರಿಗೆ ಓದೋಕೆ ಬರಲ್ಲ. ಅವರನ್ನು ಹಿಡಿದು, ಇದು ಸಾಹಿತ್ಯವೋ ಸಂಗೀತವೋ ಅಂತ ಕೇಳಿ ನೋಡಿ. "ಪದ ಅದ ರೀ, ಮತ್ತೇನು?" ಅಂತಾರೆ. ಅಲ್ಲಿಗೆ ಚರ್ಚೆ ಖಲಾಸ್.

ಹಾಗಾದ್ರೆ ಹಾಡು ಬೇರೆ, ಕವಿತೆ ಬೇರೆ ಅಂತ ಮಾಡಿದವರು ಯಾರು? ಅಚ್ಚಿನ ಯಂತ್ರ, ಶಾಲೆ, ಪದವಿ ಇವು ಮೂರೂ ಸೇರಿ ಮಾಡಿದ ಕೆಲಸ ಅದು ಅನ್ನೋದು ನನ್ನ ಅಭಿಪ್ರಾಯ. ಆ ಮೂರನ್ನೂ ದಾಟಿ ಹೋಗಿಯೂ ಹಾಡು ಬಿಡದ ಒಬ್ಬರ ಕಥೆ ಇವತ್ತು ಹೇಳಬೇಕು. ಡಾ. ಚಂದ್ರಶೇಖರ ಕಂಬಾರ.

ಜಿಡಗಾದವರಿಗೆ ಬೆಳಗಾವಿ ಜಿಲ್ಲೆ ಪರಸ್ಥಳ ಅಲ್ಲ. ರಾಯಬಾಗ ತಾಲ್ಲೂಕಿನ ಮುಗಳಖೋಡದ ಹೆಸರಿಗೆ ನಮ್ಮೂರ ಹೆಸರು ಜೋಡಿಸಿ 'ಮುಗಳಖೋಡ-ಜಿಡಗಾ ಮಠ' ಅಂತಲೇ ಹೇಳೋದು ನಮ್ಮ ರೂಢಿ. ಅದೇ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, 1937ರ ಜನವರಿ 2ರಂದು ಕಂಬಾರರು ಹುಟ್ಟಿದರು. ಹೆಸರೇ ಹೇಳುತ್ತೆ, ಕಮ್ಮಾರಿಕೆಯ ಮನೆತನ. ಬಡತನಕ್ಕೆ ಓದು ಅರ್ಧಕ್ಕೇ ನಿಂತಿತ್ತು. ಸಾವಳಗಿ ಮಠದ ಸ್ವಾಮೀಜಿ ಖರ್ಚು ವಹಿಸಿಕೊಂಡ ಮೇಲೆ ಮತ್ತೆ ಶುರುವಾಯ್ತು. ಆಮೇಲೆ ಬೆಳಗಾವಿಯ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ ನೋಡಿ: ಉತ್ತರ ಕರ್ನಾಟಕದ ಜನಪದ ರಂಗಭೂಮಿ! ಸಣ್ಣವರಿದ್ದಾಗ ರಾತ್ರಿಯೆಲ್ಲ ಕೂತು ನೋಡುವಂಥ ಆಟಗಳನ್ನೇ ವಿಶ್ವವಿದ್ಯಾಲಯದ ಒಳಗೆ ಕರಕೊಂಡು ಹೋದರು.

1964ರಲ್ಲಿ 'ಹೇಳತೇನ ಕೇಳ' ಬಂತು. ಆ ಹೊತ್ತಿನಲ್ಲಿ ಕನ್ನಡದಲ್ಲಿ ನವ್ಯದ ಕಾಲ. ಗೋಪಾಲಕೃಷ್ಣ ಅಡಿಗರು ಮುಂದಾಳು. ಕವಿತೆ ಅಂದ್ರೆ ಒಬ್ಬರೇ ಕೂತು, ಕಣ್ಣಲ್ಲಿ ಓದಿ, ಮತ್ತೆ ಓದಿ ಬಿಡಿಸಿಕೊಳ್ಳುವಂಥದ್ದು. ಆ ಸಭೆಗೆ ಈ ಮನುಷ್ಯ ಲಾವಣಿ ಧಾಟಿಯ ಕಾವ್ಯ ತಗೊಂಡು ಬಂದರು. ಹೆಸರಲ್ಲೇ ನಮ್ಮ ಕಡೆಯ ಮಾತು! 'ಹೇಳುತ್ತೇನೆ ಕೇಳು' ಅಂತ ತಿದ್ದಿ ಬರೆದಿದ್ದರೆ ಅದು ಪಾಠದ ಪುಸ್ತಕ ಆಗ್ತಿತ್ತು. 'ಹೇಳತೇನ ಕೇಳ' ಅಂದ ಕೂಡಲೇ ಒಬ್ಬ ಹಾಡುಗಾರ ಎದ್ದು ನಿಂತ, ಎದುರಿಗೆ ಜನ ಕೂತರು ಅಂತ ಗೊತ್ತಾಗುತ್ತೆ. ಬೇಂದ್ರೆಯವರು ಧಾರವಾಡದ ಮಾತಿಗೆ ಈ ದಾರಿ ಮೊದಲೇ ಮಾಡಿಕೊಟ್ಟಿದ್ದರು, ಅದನ್ನು ಮರೆಯೋ ಹಾಗಿಲ್ಲ. ಆದರೆ ಬೇಂದ್ರೆಯವರದು ಹೆಚ್ಚಾಗಿ ಭಾವಗೀತೆ. ಕಂಬಾರರು ಇಡೀ ಒಂದು ಊರನ್ನೇ ಹಾಡಿನಲ್ಲಿ ಕಟ್ಟಿದರು. ಆ ಊರಿನ ಹೆಸರು ಶಿವಾಪುರ. ಮುಂದೆ ಅವರ ನಾಟಕ, ಕಾದಂಬರಿಗಳಿಗೆ ಹೋದರೂ ಅದೇ ಶಿವಾಪುರ ಮತ್ತೆ ಮತ್ತೆ ಸಿಗುತ್ತೆ.

ಹಾಡು ಕವಿತೆಗೆ ಏನು ಮಾಡುತ್ತೆ? ನಾನು ಎಂಜಿನಿಯರಿಂಗ್ ಓದಿದವನು, ನನಗೆ ತಿಳಿದ ಹಾಗೆ ಹೇಳ್ತೀನಿ. ರೇಡಿಯೋದಲ್ಲಿ ನಿಮ್ಮ ದನಿ ಹಾಗೇ ದೂರ ಹೋಗಲ್ಲ. ಕ್ಯಾರಿಯರ್ ವೇವ್ ಅಂತ ಒಂದಿರುತ್ತೆ, ದನಿಯನ್ನು ಅದರ ಮೇಲೆ ಹತ್ತಿಸಿ ಕಳಿಸಬೇಕು. ನಮ್ಮ ಪದಗಳಲ್ಲಿ ಧಾಟಿ ಮಾಡೋದು ಆ ಕೆಲಸ. ಬರೆದಿಟ್ಟುಕೊಳ್ಳದೆ ಇಷ್ಟು ವರ್ಷ ಮಡಿವಾಳಪ್ಪನವರ ಪದ ಬಾಯಿಂದ ಬಾಯಿಗೆ ಬಂತಲ್ಲ, ಧಾಟಿ ಹೊತ್ತು ತಂದದ್ದು ಅದು. ಇನ್ನೊಂದು ಗುಟ್ಟು ಹಿಮ್ಮೇಳದಲ್ಲಿದೆ. ಮುಂದಿನವರು ಒಂದು ನುಡಿ ಹೇಳ್ತಾರೆ, ಹಿಂದಿನವರು ಅದನ್ನೇ ಎತ್ತಿ ಹಾಡ್ತಾರೆ. ಆ ಗ್ಯಾಪಿನಲ್ಲಿ ಕೇಳುವವರಿಗೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ. ಪುಸ್ತಕದಲ್ಲಿ ನಾವು ಹಿಂದಿನ ಸಾಲಿಗೆ ಕಣ್ಣು ತಿರುಗಿಸ್ತೀವಲ್ಲ, ಅದನ್ನೇ ಹಿಮ್ಮೇಳ ಕಿವಿಗೆ ಮಾಡಿಕೊಡುತ್ತೆ.

ಈ ಹಾಡಿನ ಗುಣ ನಾಟಕಕ್ಕೆ ಬಂದಾಗ ಏನಾಯ್ತು ಅಂತ ತಿಳಿಬೇಕಾದ್ರೆ 'ಜೋಕುಮಾರಸ್ವಾಮಿ' ನೋಡಬೇಕು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಆಡಿಸಿದರು. ಗಣಪತಿ ಹೋದ ಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ, ಬಾಯಿಗೆ ಬೆಣ್ಣೆ ಬಳಿಸಿಕೊಂಡು ಮನೆಮನೆಗೆ ಬರ್ತಾನಲ್ಲ, ಅದೇ ಜೋಕುಮಾರ. ನಾಟಕದಲ್ಲಿ ಊರ ಗೌಡನ ಕೈಯಲ್ಲಿ ಬಂದೂಕು, ಮನೆಯಲ್ಲಿ ಮಕ್ಕಳಿಲ್ಲ. ಗೌಡತಿ ಜೋಕುಮಾರನ ಹರಕೆಯ ಪಡವಲಕಾಯಿ ಪಲ್ಲೆ ಮಾಡ್ತಾಳೆ, ಅದನ್ನು ಉಣ್ಣೋದು ಗೌಡ ಅಲ್ಲ, ಹೊಲ ಉಳುವ ಬಸಣ್ಣ. ನೆಲ ಯಾರದು, ಫಲ ಯಾರದು ಅನ್ನೋ ಪ್ರಶ್ನೆ ನಗುನಗುತ್ತಾ ಬರುತ್ತೆ, ಕೊನೆಗೆ ಬಸಣ್ಣನ ಹೆಣ ಬೀಳುತ್ತೆ. ಉಳುವವನೇ ಭೂಮಿಯ ಒಡೆಯ ಅನ್ನೋ ಕಾಯ್ದೆ ದೇವರಾಜ ಅರಸರ ಸರ್ಕಾರದಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ಎರಡು ವರ್ಷ ಮುಂಚೆ!

ಕನ್ನಡಕ್ಕೆ ಜ್ಞಾನಪೀಠ ತಂದವರು ಎಂಟು ಜನ. ಅವರಲ್ಲಿ ಸಿನಿಮಾಕ್ಕೆ ಸಂಗೀತ ನಿರ್ದೇಶನ ಮಾಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಬಹಳ ಜನ ತಡವರಿಸ್ತಾರೆ. ಉತ್ತರ ಕಂಬಾರ. 'ಕಾಡು ಕುದುರೆ' ಚಿತ್ರದ ನಿರ್ದೇಶನ ಅವರದೇ, ಹಾಡು ಅವರದೇ, ಸಂಗೀತವೂ ಅವರದೇ. ಶೀರ್ಷಿಕೆ ಗೀತೆ ಹಾಡಿದವರು ಶಿವಮೊಗ್ಗ ಸುಬ್ಬಣ್ಣ, ವೃತ್ತಿಯಿಂದ ವಕೀಲರು. ಆ ಹಾಡಿಗೆ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಬಂತು. 2022ರ ಆಗಸ್ಟ್ 11ರಂದು ಅವರು ತೀರಿಕೊಂಡಾಗ ಸುದ್ದಿಯಲ್ಲಿ ಬಂದದ್ದು ಅದೇ ಹಾಡು. ಕಂಬಾರರ ಸಿನಿಮಾಗಳಿಗಿಂತ ಅವರ ಹಾಡುಗಳೇ ಗಟ್ಟಿ ಅಂತ ನನಗನ್ನಿಸುತ್ತೆ. ಒಪ್ಪದವರು ಇರಬಹುದು.

ಬೇರೆ ದೇಶದ ಒಂದು ಉದಾಹರಣೆ ಕೊಡ್ತೀನಿ. ಸ್ಕಾಟ್ಲೆಂಡಿನ ಡಾನ್ ಪ್ಯಾಟರ್ಸನ್ 1963ರಲ್ಲಿ ಡಂಡೀ ಪಟ್ಟಣದಲ್ಲಿ ಹುಟ್ಟಿದವರು. ಹದಿನಾರಕ್ಕೇ ಶಾಲೆ ಬಿಟ್ಟರು, ಜಾಝ್ ಗಿಟಾರ್ ನಂಬಿಕೊಂಡು ಲಂಡನ್‌ಗೆ ಹೋದರು. ಮುಂದೆ ಟಿ.ಎಸ್. ಎಲಿಯಟ್ ಪ್ರಶಸ್ತಿ ಎರಡು ಸಲ ಗೆದ್ದರು, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರಲ್ಲಿ ಗಿಟಾರ್ ಬೇರೆ ಕೆಲಸ, ಕವಿತೆ ಬೇರೆ ಕೆಲಸ. ಕಂಬಾರರಲ್ಲಿ ಹಾಗಲ್ಲ. ಬರೆಯುವುದು, ಹಾಡುವುದು ಎರಡೂ ಒಂದೇ ಬಾಯಿ.

ಈಗ ನನಗೆ ತಟ್ಟುವ ವಿಷಯಕ್ಕೆ ಬರ್ತೀನಿ. ನಾನು ಟೀವಿಗೆ ಬಂದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿದ್ದರು: "ನೀವು ನ್ಯೂಸ್ ಓದುವಾಗ ನಿಮ್ಮ ಊರು ಯಾವುದು ಅಂತ ಗೊತ್ತಾಗಬಾರದು." ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ 'ಹ್ಯಾಂಗ', 'ಖರೇನ' ಬಿಟ್ಟೆ. ಇವತ್ತು ಊರಿಗೆ ಫೋನ್ ಮಾಡಿದಾಗ ಮಾತ್ರ ಅವು ಬರ್ತವೆ. ಕಾಮಿಡಿ ಶೋಗಳನ್ನು ನೋಡಿ, ಕಲಬುರಗಿ ಮಾತು ಬಂತು ಅಂದ್ರೆ ಜನ ನಗೋಕೆ ರೆಡಿ. ನಮ್ಮ ಮಾತಲ್ಲಿ ಉರ್ದು ಇದೆ, ಮರಾಠಿ ಇದೆ. 1948ರವರೆಗೆ ನಿಜಾಮರ ಆಳ್ವಿಕೆ, ಪಕ್ಕದಲ್ಲೇ ಸೊಲ್ಲಾಪುರ, ಇಲ್ಲದೆ ಹೇಗಿರುತ್ತೆ? ಮುಂಬೈ ಪ್ರಾಂತ್ಯದಲ್ಲಿದ್ದ ಘೋಡಗೇರಿಯ ಮಾತು ಬೇರೆ, ಜಿಡಗಾದ ಮಾತು ಬೇರೆ, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಬೆಂಗಳೂರಿನ ಕಿವಿಗೆ ಎರಡೂ 'ಆ ಕಡೆ ಭಾಷೆ'ನೇ.

ಆ ಭಾಷೆ ಬಿಡದೆ ಕಂಬಾರರು ಎಲ್ಲಿಗೆ ಹೋದರು? ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎರಡು ದಶಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿ. 2010ರ ಸಾಲಿನ ಜ್ಞಾನಪೀಠ 2011ರಲ್ಲಿ ಘೋಷಣೆಯಾಯ್ತು, ಬೇರೆಯವರಿಗೆ ಬರಬೇಕಿತ್ತು ಅನ್ನೋ ವಾದವೂ ಎದ್ದಿತ್ತು. 2018ರಲ್ಲಿ ಚುನಾವಣೆಯಲ್ಲಿ ಗೆದ್ದು ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾದರು. ಗೋಕಾಕ, ಅನಂತಮೂರ್ತಿ ಬಿಟ್ಟರೆ ಆ ಕುರ್ಚಿಯಲ್ಲಿ ಕೂತ ಕನ್ನಡಿಗರು ಅವರೇ. 2021ರಲ್ಲಿ ಪದ್ಮಭೂಷಣ.

ನಮ್ಮ ಕಡೆಯ ಕಾಲೇಜು ಹುಡುಗರು ಮೆಸೇಜ್ ಮಾಡಿ, ಕಂಬಾರರನ್ನು ಎಲ್ಲಿಂದ ಶುರು ಮಾಡಬೇಕು ಅಂತ ಕೇಳ್ತಾರೆ. ಮೊದಲು ಸುಬ್ಬಣ್ಣನವರ ದನಿಯಲ್ಲಿ 'ಕಾಡು ಕುದುರೆ' ಕೇಳಿ. ಆಮೇಲೆ 'ಜೋಕುಮಾರಸ್ವಾಮಿ' ತಗೊಳ್ಳಿ, ಮನಸ್ಸಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ, ನಾಲ್ಕು ಜನ ಕೂತು ಪಾತ್ರ ಹಂಚಿಕೊಂಡು ಓದಿ. ಮೈಸೂರಿನವರು ಅಲ್ಲಲ್ಲಿ ನಿಂತು ಅರ್ಥ ಕೇಳಬೇಕಾಗುತ್ತೆ. ನೀವು ಕೇಳಬೇಕಾಗಲ್ಲ.